ಕೆಂಡಣ್ಣನ ಮಧ್ಯಾಹ್ನದ ಓಟ

ಬ್ರೆಡ್ಡಿನ ಭಟ್ಟಿ ಕೆಟ್ಟು ಕೂತರೆ ಭಟ್ಟಿಯವನೂ ಕೆಟ್ಟು ಕೂರುತ್ತಾನೆ ಅನ್ನುವುದು ಆ ಬೇಸಿಗೆಯಲ್ಲಿ ಅಕ್ಕನಿಗೆ ಚೆನ್ನಾಗಿ ಅರ್ಥವಾಯಿತು. ತಮ್ಮ ಬೆಳಿಗ್ಗೆ ಎದ್ದವನೇ ಮನೆಯೆಲ್ಲ ಸುತ್ತುತ್ತಿದ್ದ. ಕಿಟಕಿಯ ಕೀಲುಗಳಿಗೆ ಎಣ್ಣೆ ಬಿಟ್ಟ, ಗೋಡೆಯ ಮೇಲೆಲ್ಲ ಜಿಡ್ಡು ಇಳಿಯುವಷ್ಟು. ಅಡುಗೆಮನೆಯ ಡಬ್ಬಿಗಳನ್ನು ಎತ್ತರದ ಪ್ರಕಾರ ಸಾಲಾಗಿ ಜೋಡಿಸಿದ. ಆಮೇಲೆ ಉಪ್ಪು ಯಾವುದು, ಸಕ್ಕರೆ ಯಾವುದು ಅಂತ ಯಾರಿಗೂ ಗೊತ್ತಾಗದೆ ಹೋಯಿತು.

"ನಿನಗೆ ಕೈಮುಗಿದು ಕೇಳ್ಕೋತೀನಿ ಕಣೋ," ಅಂದಳು ಅಕ್ಕ, "ಎಲ್ಲಾದರೂ ಒಂದು ಕಡೆ ಕೂತ್ಕೋ."

"ಕೂತರೆ ಮೈ ಹಿಡ್ಕೊಳ್ಳುತ್ತೆ."

"ನಿಂತರೆ ನನ್ನ ತಲೆ ಹಿಡ್ಕೊಳ್ಳುತ್ತೆ."

ಬೀದಿಯವರು ಅವನನ್ನು ಕೆಂಡಣ್ಣ ಅಂತಲೇ ಕರೆಯುತ್ತಿದ್ದರು. ಭಟ್ಟಿಯಿಂದ ಕೆಂಡ ಹೊರಗೆ ಉರುಳಿದರೆ ಅವನು ಇಕ್ಕಳ ಹುಡುಕುತ್ತಿರಲಿಲ್ಲ. ಎರಡು ಬೆರಳಲ್ಲಿ ಎತ್ತಿ ಒಳಕ್ಕೆ ಎಸೆದು ಬೆರಳನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಿದ್ದ. ಮೀಸೆ ಚಿಗುರುವ ಮೊದಲೇ ಭಟ್ಟಿಯ ಬಾಯಿ ಮುಂದೆ ನಿಂತವನು ತಲೆ ನರೆತರೂ ಅಲ್ಲಿಂದ ಕದಲಿರಲಿಲ್ಲ. ಬೇಸಿಗೆಯಲ್ಲಿ ಊರೆಲ್ಲ ಉಸ್ಸಪ್ಪಾ ಅನ್ನುತ್ತಿದ್ದರೆ, ಇವನು ಭಟ್ಟಿಮನೆಯಿಂದ ಬೀದಿಗೆ ಬಂದು, "ಆಹಾ, ಏನು ತಂಪು!" ಅನ್ನುತ್ತಿದ್ದ. ಬಿಸಿ ಅನ್ನುವುದು ತನ್ನ ಮನೆಯ ಹಳೇ ನೆಂಟ, ತನ್ನ ಮೇಲೆ ಕೈ ಎತ್ತುವುದಿಲ್ಲ ಎಂಬ ನಂಬಿಕೆ ಅವನ ಮೂಳೆಯಲ್ಲೇ ಕೂತಿತ್ತು.

ಆ ವರ್ಷ ಭಟ್ಟಿಯ ಗುಮ್ಮಟ ಬಿರುಕು ಬಿಟ್ಟು ಒಳಕ್ಕೆ ಕುಸಿಯಿತು. ಮೇಸ್ತ್ರಿ ಇವತ್ತು ಬರ್ತೀನಿ, ನಾಳೆ ಬರ್ತೀನಿ ಅಂತ ಒಂದು ತಿಂಗಳು ಕಳೆದ. ಕೊನೆಗೆ ಬಂದು ಹೊಸ ಇಟ್ಟಿಗೆಯ ಗುಮ್ಮಟ ಕಟ್ಟಿದ. ಆದರೆ ಕಟ್ಟಿದ ಮಾರನೇ ದಿನವೇ ಬ್ರೆಡ್ಡು ಬೇಯಿಸುವ ಹಾಗಿಲ್ಲ. ಹಸಿ ಗಾರೆ ಆರಬೇಕು, ಆಮೇಲೆ ಒಳಗೆ ಚಿಕ್ಕ ಚಿಕ್ಕ ಬೆಂಕಿ ಹಾಕಿ ಭಟ್ಟಿಗೆ ಬಿಸಿಯ ರೂಢಿ ಮಾಡಿಸಬೇಕು. ಮೊದಲ ದಿನ ಒಣಹುಲ್ಲು, ಮರುದಿನ ಚಕ್ಕೆ, ಆಮೇಲೆ ಸಣ್ಣ ಕಟ್ಟಿಗೆ. ಈ ಕೆಲಸವನ್ನು ಕೆಂಡಣ್ಣ ಹಸುಗೂಸಿಗೆ ಎಣ್ಣೆ ನೀರು ಹಾಕುವವರ ನಾಜೂಕಿನಿಂದ ಮಾಡುತ್ತಿದ್ದ. ಬೆಳಿಗ್ಗೆ ಸ್ವಲ್ಪ ಹೊತ್ತು ಬೆಂಕಿ, ಆಮೇಲೆ ಇಟ್ಟಿಗೆಗೆ ಅಂಗೈ ಒತ್ತಿ ನೋಡುವುದು, ಬಾಗಿಲು ಮುಚ್ಚುವುದು. ಅಲ್ಲಿಗೆ ದಿನದ ಕೆಲಸ ಮುಗಿಯಿತು. ಉಳಿದ ಹೊತ್ತೆಲ್ಲ ಅಕ್ಕನ ಪಾಲಿಗೆ.

ಅಂಗಡಿ ಮುಚ್ಚಿರಲಿಲ್ಲ. ಬೇರೆ ಬೇಕರಿಯ ಬ್ರೆಡ್ಡು ತರಿಸಿ ಅಕ್ಕ ಗಲ್ಲಾದಲ್ಲಿ ಕೂತು ಮಾರುತ್ತಿದ್ದಳು, ಕೆಂಡಣ್ಣನ ಮಗಳು ಸೈಕಲ್ಲಿನಲ್ಲಿ ಮನೆಮನೆಗೆ ಹಾಕಿ ಬರುತ್ತಿದ್ದಳು. ಮಗಳಿಗೆ ಹೆಸರಿಟ್ಟಿದ್ದು ಏನೋ, ಕರೆಯುತ್ತಿದ್ದುದು ಸೂಜಿ ಅಂತ. ತಾಯಿ ತೀರಿಹೋದಾಗ ತೊಟ್ಟಿಲಲ್ಲಿದ್ದ ಮಗು, ಎಷ್ಟು ತಿನ್ನಿಸಿದರೂ ದಪ್ಪವಾಗಲಿಲ್ಲ. ಮಾತು ಕಲಿತ ಮೇಲೆ ಮೊನೆಯೂ ಬಂತು. ಸಾಕಿದ ಅತ್ತೆಯೇ ಇಟ್ಟ ಅಡ್ಡಹೆಸರು ಅದು.

ಸೂಜಿಗೆ ಒಂದೇ ಹಂಬಲ, ಅಗ್ನಿಶಾಮಕ ದಳ ಸೇರಬೇಕು.

"ಅಪ್ಪ ಬೆಂಕಿ ಹಚ್ಚೋನು, ಮಗಳು ಬೆಂಕಿ ಆರಿಸೋಳು," ಅಂತ ಕೆಂಡಣ್ಣ ಗಿರಾಕಿಗಳ ಮುಂದೆ ನಗುತ್ತಿದ್ದ. ಆದರೆ ಆ ನಗುವಿನಲ್ಲಿ ಹೆಮ್ಮೆ ಎಷ್ಟಿತ್ತು ಅನ್ನುವುದು ಬನ್ನು ಕಟ್ಟಿಸಿಕೊಳ್ಳಲು ಬಂದವರಿಗೂ ತಿಳಿಯುತ್ತಿತ್ತು.

ಲಿಖಿತ ಪರೀಕ್ಷೆಯಲ್ಲಿ ಅವಳು ಎಂದೋ ಗೆದ್ದಿದ್ದಳು. ಉಳಿದದ್ದು ಮೈಯ ಪರೀಕ್ಷೆ. ದಪ್ಪ ಕೋಟು, ಮೊಣಕಾಲಿನವರೆಗಿನ ಬೂಟು ಹಾಕಿಕೊಂಡು, ಸುತ್ತಿದ ನೀರಿನ ಪೈಪನ್ನು ಹೆಗಲಿಗೇರಿಸಿ, ಸ್ಟೇಷನ್ನಿನ ಮೈದಾನವನ್ನು ಹಲವು ಸುತ್ತು ಓಡಬೇಕು. ಸೀಟಿ ಊದುವುದರೊಳಗೆ ಮುಗಿಸಬೇಕು. ಅದೂ ನಡುಬೇಸಿಗೆಯಲ್ಲಿ, ಬಿಸಿಲು ಏರಿದ ಮೇಲೆ. ಬೆಂಕಿ ಬೀಳುವುದು ಬೆಳಗಿನ ತಂಪು ನೋಡಿಕೊಂಡಲ್ಲವಲ್ಲ. ಹೋದ ವರ್ಷ ಸೂಜಿ ಎಲ್ಲರಿಗಿಂತ ಮುಂದೆ ಓಡಿ, ಕೊನೆಯ ತಿರುವಿನ ಹತ್ತಿರ ಕಣ್ಣು ಕತ್ತಲಿಟ್ಟು ಬಿದ್ದಿದ್ದಳು. ಈ ವರ್ಷ ಬಿಟ್ಟರೆ ವಯಸ್ಸಿನ ಮಿತಿ ದಾಟುತ್ತದೆ, ಮತ್ತೆ ಕರೆಯುವುದಿಲ್ಲ.

ಕೈ ಖಾಲಿ ಇದ್ದ ಅಪ್ಪನಿಗೆ ಇಷ್ಟು ಸಾಕಾಯಿತು. "ಈ ಸಲ ನಾನು ತಯಾರು ಮಾಡ್ತೀನಿ," ಅಂದ.

"ನಾನೇ ತಯಾರಾಗ್ತಿದೀನಿ ಅಪ್ಪ."

ಅವಳು ತಯಾರಾಗುವ ಪರಿ ಹೇಗಿದೆ ನೋಡೋಣ ಅಂತ ಕೆಂಡಣ್ಣ ಅವಳ ಹಿಂದೆಯೇ ಹೋದ. ನೋಡಿದವನಿಗೆ ನಗುವುದೋ ಅಳುವುದೋ ತಿಳಿಯಲಿಲ್ಲ. ತೆಳ್ಳನೆಯ ಸಡಿಲ ಅಂಗಿ, ತಲೆಗೆ ಅಗಲ ಅಂಚಿನ ಟೋಪಿ, ಸೊಂಟಕ್ಕೆ ನೀರಿನ ಬಾಟಲಿ. ಹೊತ್ತು ಹುಟ್ಟುವಾಗ ಓಡುತ್ತಿದ್ದಳು. ಬಿಸಿಲೇರಿದ ಮೇಲೆ ಸ್ವಲ್ಪ ಹೊತ್ತು ಮಾತ್ರ, ಅದೂ ಜೊತೆಗೆ ಓಡುವ ಒಬ್ಬ ಗೆಳತಿಯೊಂದಿಗೆ ಹರಟುತ್ತ ಹೋಗುವಷ್ಟು ನಿಧಾನವಾಗಿ. ಬಾಯಾರಿಕೆ ಆಗುವ ಮೊದಲೇ ಎರಡು ಗುಟುಕು ನೀರು. ಮನೆಗೆ ಬಂದರೆ ಉಪ್ಪು ಹಾಕಿದ ನಿಂಬೆ ಪಾನಕ. ಗಾಳಿ ನಿಂತು ಮೈ ಅಂಟಂಟಾದ ದಿನವಂತೂ ಬೂಟು ಮುಟ್ಟುತ್ತಲೇ ಇರಲಿಲ್ಲ.

"ಇವತ್ತು ಯಾಕೆ ರಜೆ?"

"ಇವತ್ತು ಬೆವರು ಆರಲ್ಲ ಅಪ್ಪ. ಬೆವರು ಆರದಿದ್ರೆ ಮೈ ತಣ್ಣಗಾಗಲ್ಲ."

"ಇದು ಓಟವೋ, ಮದುಮಗಳ ಮೆರವಣಿಗೆಯೋ?"

"ಹೋದ ವರ್ಷ ಬಿದ್ದಾಗ ಅಲ್ಲಿನ ತರಬೇತಿ ಮೇಡಂ ಹೇಳಿಕೊಟ್ಟಿದ್ದು. ಮೈಗೆ ಬಿಸಿಲು ರೂಢಿ ಆಗಬೇಕಾದ್ರೆ ದಿನಾ ಸ್ವಲ್ಪ ಸ್ವಲ್ಪ ಜಾಸ್ತಿ ಮಾಡಬೇಕಂತೆ. ಒಂದೇ ಸಲಕ್ಕೆ ಆಗಲ್ಲ. ಮಧ್ಯೆ ಬಿಟ್ಟರೆ ರೂಢಿ ತಪ್ಪಿಹೋಗುತ್ತಂತೆ."

"ಮತ್ತೆ ಸಾಕಾಗಿದೆ ಅಂತ ಹೇಗೆ ಗೊತ್ತಾಗುತ್ತೆ, ನೀರು ಕುಡಿದಿದ್ದು?"

ಸೂಜಿ ಅಪ್ಪನ ಮುಖ ನೋಡಿ, "ಬಚ್ಚಲಿಗೆ ಹೋದಾಗ ಬಣ್ಣ ನೋಡ್ಕೋಬೇಕು. ತಿಳಿಯಾಗಿದ್ರೆ ಸರಿ, ಗಾಢವಾಗಿದ್ರೆ ಕಡಿಮೆ ಕುಡಿದಿದೀವಿ ಅಂತ," ಅಂದಳು.

ಕೆಂಡಣ್ಣ ಎದ್ದೇಬಿಟ್ಟ. "ಅಕ್ಕಾ, ಕೇಳಿದ್ಯಾ ನಿನ್ನ ಮುದ್ದಿನ ಸೊಸೆಯ ಮಾತು? ಓಟ ಕಲಿಯೋಕೆ ಹೋಗಿ ಉಚ್ಚೆ ಬಣ್ಣ ನೋಡೋದು ಕಲ್ತು ಬಂದಿದಾಳೆ!"

"ನೀನೂ ನೋಡ್ಕೋ," ಅಂದಳು ಅಕ್ಕ ಗಲ್ಲಾದಿಂದಲೇ. "ನಿಂದು ಚಹಾ ಬಣ್ಣ ಇರುತ್ತೆ."

ಕೆಂಡಣ್ಣನ ಲೆಕ್ಕಾಚಾರ ಬೇರೆ ಇತ್ತು. ಪರೀಕ್ಷೆ ಮಧ್ಯಾಹ್ನವಾದರೆ ಅಭ್ಯಾಸವೂ ಮಧ್ಯಾಹ್ನವೇ ಆಗಬೇಕು. ಕೋಟು ಹಾಕಿ, ಭಾರ ಹೊತ್ತು, ನೀರಿಲ್ಲದೆ. ನೀರು ಕುಡಿದರೆ ಹೊಟ್ಟೆ ಭಾರ, ಹೊಟ್ಟೆ ಭಾರವಾದರೆ ಕಾಲು ಭಾರ. ತಾನು ಭಟ್ಟಿ ಮುಂದೆ ನಿಂತಾಗ ಯಾವ ಬಾಟಲಿ ಕಟ್ಟಿಕೊಂಡಿದ್ದ? ಮಗಳು ಇದಕ್ಕೆಲ್ಲ ಒಪ್ಪಲಿಲ್ಲ. ಒಪ್ಪದೆ ಸುಮ್ಮನಿದ್ದಿದ್ದರೂ ಆಗುತ್ತಿತ್ತು. "ಅಪ್ಪ, ಭಟ್ಟಿ ಬಿಟ್ಟು ನಿನಗೂ ತಿಂಗಳ ಮೇಲಾಯ್ತು. ಈಗ ನಿನಗೂ ಆಗಲ್ಲ," ಅಂದುಬಿಟ್ಟಳು.

ಈ ಮಾತು ಅವನ ಮರ್ಮಕ್ಕೇ ತಾಗಿತು. ಬಿಸಿ ತನಗೆ ಆಗುವುದಿಲ್ಲವೇ? ತನಗೇ?

ಮಾರನೇ ದಿನ ಬೆಳಿಗ್ಗೆ ಭಟ್ಟಿಗೆ ನಾಲ್ಕು ಚಕ್ಕೆ ಜಾಸ್ತಿ ಬಿದ್ದವು ಅಂತ ತಾನೇ ತೆಗೆದು ಹೊರಗಿಟ್ಟ. ಮಧ್ಯಾಹ್ನ ದಪ್ಪ ಜಾಕೆಟ್ಟು, ಬೂಟು ತೊಟ್ಟು, ಅರ್ಧ ತುಂಬಿದ ಹಿಟ್ಟಿನ ಚೀಲವನ್ನು ಬೆನ್ನಿಗೆ ಕಟ್ಟಿಕೊಂಡು ಅಂಗಡಿ ಮುಂದೆ ನಿಂತ. ಎಲೆ ಅಲುಗದ ದಿನ. ಆಕಾಶ ಬೂದು ಬಳಿದ ತಗಡಿನ ಹಾಗಿತ್ತು. ಬೀದಿನಾಯಿಗಳು ಚರಂಡಿಯ ತೇವದಲ್ಲಿ ಹೊಟ್ಟೆ ಒತ್ತಿ ಮಲಗಿದ್ದವು.

"ಮಾರ್ಕೆಟ್ಟು ಸುತ್ತಿ, ಐಸ್ ಫ್ಯಾಕ್ಟರಿ ಮುಂದೆ ಹಾದು ವಾಪಸ್ ಬರ್ತೀನಿ," ಅಂದ. "ನೋಡ್ತಿರು."

"ನಾಯಿಗಿರೋ ಬುದ್ಧಿ ಇವನಿಗಿಲ್ವಲ್ಲ," ಅಂತ ಅಕ್ಕ ಗೊಣಗಿದಳು. ಸೂಜಿ ಸೈಕಲ್ಲು ತೆಗೆದು, ಹ್ಯಾಂಡಲ್ಲಿಗೆ ನೀರಿನ ಬಾಟಲಿಗಳನ್ನು ನೇತುಹಾಕಿ, ಅವನ ಪಕ್ಕದಲ್ಲೇ ತುಳಿಯುತ್ತ ಹೊರಟಳು.

ಮೊದಮೊದಲು ಸೊಗಸಾಗೇ ಇತ್ತು. ಅಂಗಡಿಯವರು ಎದ್ದು ನಿಂತು ನೋಡಿದರು. ಕ್ಷೌರದವನು ಗಿರಾಕಿಯ ಅರ್ಧ ಗಡ್ಡ ಬಿಟ್ಟು ಹೊರಗೆ ಬಂದು, "ಕೆಂಡಣ್ಣಾ, ಬೆಂಕಿ ಬಿದ್ದಿದೆಯಾ?" ಅಂತ ಕೂಗಿದ. ಕೆಂಡಣ್ಣ ಕೈಬೀಸಿದ. ಮಾರ್ಕೆಟ್ಟಿನ ತಿರುವಿನಲ್ಲಿ ಮೀನಖಂಡ ಹಿಡಿದುಕೊಂಡಿತು. ಕಾಲು ಒದರಿ ಓಡಿದ.

"ಅಪ್ಪ, ನಿಲ್ಲು. ನೀರು ಕುಡಿ."

"ಬೇಡ."

"ಮುಖ ಕೆಂಪಗಾಗಿದೆ."

"ಇದು ನಮ್ಮ ಮನೆ ಬಣ್ಣ."

ಇನ್ನೊಂದಿಷ್ಟು ದೂರ ಹೋದ ಮೇಲೆ ವಿಚಿತ್ರವೊಂದು ನಡೆಯಿತು. ತೋಳಿನ ಕೂದಲು ನಿಮಿರಿ ನಿಂತು ಮೈಯೆಲ್ಲ ಜುಮ್ಮೆಂದಿತು. ಆ ಉರಿಸೆಕೆಯಲ್ಲಿ ಚಳಿ! ಕೆಂಡಣ್ಣನಿಗೆ ಖುಷಿಯಾಯಿತು. ನೋಡಿದೆಯಾ, ಬಿಸಿ ಸೋತಿತು, ಹಳೇ ನೆಂಟ ದಾರಿಗೆ ಬಂದ ಅಂದುಕೊಂಡ. ಮಗಳಿಗೆ ಹೇಳೋಣ ಅಂತ ತಿರುಗಿದರೆ ಮಗಳು ಇಬ್ಬರಾಗಿ ಎರಡು ಸೈಕಲ್ಲಿನ ಮೇಲೆ ಇದ್ದಳು. ಎದುರಿಗೆ ಕೆಂಪು ಅಂಚೆಪೆಟ್ಟಿಗೆ ನಿಂತಿತ್ತು. ಅದರ ಬಾಯಿ ತೆರೆದೇ ಇದೆ, ಬ್ರೆಡ್ಡು ಸೀದುಹೋಗುತ್ತಿದೆ, ಯಾರೂ ನೋಡುತ್ತಿಲ್ಲ. ಅವನು ಅದಕ್ಕೆ ಕೈ ಹಾಕಿ, "ತೆಗೀರೋ, ತೆಗೀರೋ" ಅಂದದ್ದಷ್ಟೇ ನೆನಪು.

ಮುಂದಿನದನ್ನು ಅವನು ನೋಡಲಿಲ್ಲ. ಕೇಳಿ ತಿಳಿದ. ಹೇಳಿದವಳು ಮೀನಮ್ಮ, ಐಸ್ ಫ್ಯಾಕ್ಟರಿಯ ಬಾಗಿಲಲ್ಲಿ ಮೀನು ಮಾರುವವಳು. ಆ ಕಥೆಯನ್ನು ಅವಳು ಎಷ್ಟು ಸಲ ಹೇಳಿದಳೋ, ಪ್ರತಿ ಸಲವೂ ಅಷ್ಟೇ ಹುರುಪಿನಿಂದ.

"ನಿನ್ನ ಮಗಳು ಸೈಕಲ್ಲು ಬಿಸಾಕಿದ ಸದ್ದಿಗೇ ನಾನು ತಿರುಗಿದ್ದು ಕಣಣ್ಣ. ನೀನು ಪೋಸ್ಟ್ ಡಬ್ಬ ತಬ್ಕೊಂಡು ಜಗಳ ಆಡ್ತಿದ್ದೆ. ಆ ಸೂಜಿಯಷ್ಟಗಲದ ಹುಡುಗಿ, ನಿನ್ನ ಕಂಕುಳಿಗೆ ಕೈ ಹಾಕಿ ದರದರ ಎಳೆದು ನನ್ನ ಚಪ್ಪರದ ನೆರಳಿಗೆ ತಂದುಹಾಕಿದ್ಲು. ಕಣ್ಣಲ್ಲಿ ಒಂದು ಹನಿ ನೀರಿಲ್ಲ. 'ನೀವು ಆಂಬುಲೆನ್ಸಿಗೆ ಫೋನ್ ಮಾಡಿ' ಅಂತ ಒಬ್ಬನಿಗೆ ಬೆರಳು ತೋರಿಸಿ ಹೇಳಿದ್ಲು. ಎಲ್ಲರಿಗೂ ಅಲ್ಲ, ಒಬ್ಬನಿಗೆ! ಜಾಕೆಟ್ಟು, ಚೀಲ, ಬೂಟು, ಎಲ್ಲ ಕಿತ್ತೆಸೆದ್ಲು. ಆಮೇಲೆ ನನ್ನ ಕಡೆ ನೋಡಿದ್ಲು ನೋಡು, ನಾನು ಮಾತಾಡೋ ಮೊದಲೇ ನನ್ನ ಮೀನಿನ ಪೆಟ್ಟಿಗೆ ಬೋರಲು. ಐಸೆಲ್ಲ ನಿನ್ನ ಕುತ್ತಿಗೆಗೆ, ಕಂಕುಳಿಗೆ, ತೊಡೆಸಂದಿಗೆ. ಒಂದು ಬಂಗಡೆ ನಿನ್ನ ಎದೆ ಮೇಲೇ ಮಲಗಿತ್ತು."

ಕೆಂಡಣ್ಣ ಹೀಗೆ ಕೇಳುವಾಗೆಲ್ಲ ನೆಲ ನೋಡುತ್ತಿದ್ದ.

"ಸೋಡಾದವನು ಓಡಿ ಬಂದು ನಿನ್ನ ಬಾಯಿಗೆ ಸೋಡಾ ಸುರಿಯೋಕೆ ಹೋದ. 'ಎಚ್ಚರ ನೆಟ್ಟಗಿಲ್ದವರ ಬಾಯಿಗೆ ಏನೂ ಹಾಕಬೇಡಿ, ಉಸಿರಿಗೆ ಸಿಕ್ಕೊಳ್ಳುತ್ತೆ, ಮೈ ಮೇಲೆ ಸುರೀರಿ' ಅಂತ ಗದರಿದ್ಲು. ಅವನು ಹೆದರಿ ನಿನ್ನ ಮೈಮೇಲೇ ಸೋಡಾ ಸುರಿದ! ಅತ್ತ ಫ್ಯಾಕ್ಟರಿಯವರು ಪೈಪು ಎಳ್ಕೊಂಡು ಬಂದ್ರು. ನಾನು ರಟ್ಟಲ್ಲಿ ಗಾಳಿ ಹಾಕಿದೆ. ಗಾಡಿ ಬರೋವರೆಗೂ ಅವಳು ಕೈ ನಿಲ್ಲಿಸಲಿಲ್ಲ ಕಣಣ್ಣ. ಗಾಡಿ ಬಂದ ಮೇಲೇ ಅವಳು ನೆಲಕ್ಕೆ ಕೂತಿದ್ದು. ನಾನು ಕಣ್ಣಾರೆ ನೋಡಿದೀನಿ."

ಆಸ್ಪತ್ರೆಯಲ್ಲಿ ಕಣ್ಣು ಬಿಟ್ಟಾಗ ಅವನಿಗೆ ಮೊದಲು ಗೊತ್ತಾದದ್ದು ಮೀನಿನ ವಾಸನೆ. ಎರಡನೆಯದು, ಡಾಕ್ಟರು ಅಕ್ಕನಿಗೆ ಹೇಳುತ್ತಿದ್ದ ಮಾತು. "ಗಾಡಿ ಬರಲಿ ಅಂತ ಸುಮ್ನೆ ಕಾದಿದ್ರೆ ಇವರ ಮಿದುಳಿಗೋ ಮೂತ್ರಪಿಂಡಕ್ಕೋ ಏಟು ಬೀಳ್ತಿತ್ತಮ್ಮ. ಅಲ್ಲೇ ತಣ್ಣಗೆ ಮಾಡಿದ್ದಕ್ಕೆ ಉಳಿದ್ರು. ಮಾಡಿದವರು ಯಾರು?"

ಅಕ್ಕ ಬಾಗಿಲಲ್ಲಿ ನಿಂತ ಹುಡುಗಿಯನ್ನು ತೋರಿಸಿದಳು. ಒದ್ದೆ ಬಟ್ಟೆ, ಕೆದರಿದ ಕೂದಲು, ಮೊಣಕೈಯಲ್ಲಿ ಸೈಕಲ್ಲು ಬಿದ್ದ ಗಾಯ. ಡಾಕ್ಟರು ಕೈಯಲ್ಲಿದ್ದುದನ್ನು ಬದಿಗಿಟ್ಟು ಅವಳ ಹತ್ತಿರ ಹೋಗಿ ಮಾತಾಡಿಸಿದರು. ಏನು ಹೇಳಿದರೋ ಕೆಂಡಣ್ಣನಿಗೆ ಕೇಳಿಸಲಿಲ್ಲ. ಆದರೆ ಅವರು ನಿಂತ ರೀತಿ ಕಂಡಿತು. ತಮ್ಮ ಸರೀಕರೊಂದಿಗೆ ಮಾತಾಡುವ ಹಾಗೆ ನಿಂತಿದ್ದರು. ಆ ಕ್ಷಣದಲ್ಲಿ ಅವನಿಗೆ, ತಾನು ಇಷ್ಟು ದಿನ ಯಾರಿಗೆ ಓಟ ಕಲಿಸಲು ಹೊರಟಿದ್ದೆ ಅಂತ ಅನ್ನಿಸಿ ನಾಚಿಕೆಯೂ, ಅದರ ಬೆನ್ನಿಗೇ ಹೆಮ್ಮೆಯೂ ಬಂತು.

ಮನೆಗೆ ಬಂದ ಮೇಲೆ ಅವನಿಗೆ ಬಿಸಿಲೂ ಬೇಡ, ಭಟ್ಟಿಯೂ ಬೇಡ ಅಂತ ಡಾಕ್ಟರ ಅಪ್ಪಣೆ. ಕಿಟಕಿ ಪಕ್ಕದ ಕುರ್ಚಿ ಅವನ ಪಾಲಿಗೆ ಬಂತು. ಅಲ್ಲಿ ಕೂತವನಿಗೆ ಒಂದು ಯೋಚನೆ ಹುಳದ ಹಾಗೆ ಕೊರೆಯತೊಡಗಿತು. ಆಸ್ಪತ್ರೆಯ ಓಡಾಟದಲ್ಲಿ ಮಗಳ ಅಭ್ಯಾಸ ನಿಂತುಹೋಗಿದೆ. ಪರೀಕ್ಷೆ ಹತ್ತಿರ ಬಂದಿದೆ. ತಪ್ಪು ತನ್ನದು, ದಂಡ ಅವಳಿಗೆ.

ಸಂಜೆ ಅವಳು ಬೂಟು ಬಿಚ್ಚುತ್ತಿದ್ದಾಗ ಕೇಳಿದ. "ಎಷ್ಟು ಓಡಿದೆ?"

"ಸ್ವಲ್ಪ. ಬಿಟ್ಟಿದ್ದೆನಲ್ಲ, ಒಂದೆರಡು ಮೆಟ್ಟಿಲು ಕೆಳಗಿಂದ ಶುರು ಮಾಡಿದೀನಿ."

"ಕೆಳಗಿಂದಲಾ? ದಿನ ಎಲ್ಲಿದಾವೆ ಮಗಾ? ನನ್ನಿಂದ ನಿನ್ನ ದಿನಗಳು ಹಾಳಾದವು. ನಾಳೆಯಿಂದ ಎರಡರಷ್ಟು ಓಡು. ಬಿಟ್ಟಿದ್ದನ್ನೆಲ್ಲ ಒಟ್ಟಿಗೆ ತುಂಬಿಸ್ಕೊಂಡುಬಿಡು."

ಒಳಗಿನಿಂದ ಅಕ್ಕ ಬಂದಳು, ಕೈ ಒರೆಸಿಕೊಳ್ಳುತ್ತ. "ಸರಿಯಾಗಿ ಹೇಳ್ದೆ ಕಣೋ," ಅಂದಳು. "ನಾನೂ ಅದನ್ನೇ ಯೋಚಿಸ್ತಿದ್ದೆ. ಭಟ್ಟಿಗೂ ದಿನ ತಪ್ಪಿದೆ. ನಾಳೆ ಬೆಳಿಗ್ಗೆ ಎರಡು ಹೊರೆ ದಪ್ಪ ಕಟ್ಟಿಗೆ ಒಟ್ಟಿಗೇ ಹಾಕಿ ಉರಿಸಿಬಿಡ್ತೀನಿ. ನಾಡಿದ್ದೇ ಬ್ರೆಡ್ಡು."

ಕೆಂಡಣ್ಣ ಕುರ್ಚಿಯಿಂದ ಪುಟಿದೆದ್ದ. "ಹುಚ್ಚು ಹಿಡಿದಿದೆಯಾ ನಿನಗೆ? ಗುಮ್ಮಟ ಪಟಪಟ ಬಿರೀತದೆ! ಮಧ್ಯೆ ಬಿಟ್ಟ ಭಟ್ಟಿಗೆ ಮತ್ತೆ ಹುಲ್ಲಿನಿಂದಲೇ ಶುರು ಮಾಡಬೇಕು. ಒಳಗಿನ ತೇವ ಆರೋಕೆ ಪುರುಸೊತ್ತು ಕೊಡ್ಬೇಕು. ದಿನಾ ಸ್ವಲ್ಪ, ನಿನ್ನೆಗಿಂತ ಒಂದು ಚೂರು ಜಾಸ್ತಿ, ಅಷ್ಟೇ. ಇಟ್ಟಿಗೆಗೆ ರೂಢಿ ಆಗೋ ಮೊದಲು ಅವಸರ ಮಾಡಿದ್ರೆ..."

ಮಾತು ಅಲ್ಲೇ ಕಡಿದುಹೋಯಿತು.

ಅಕ್ಕ ಏನೂ ಗೊತ್ತಿಲ್ಲದವಳ ಹಾಗೆ ಸೆರಗಿನ ತುದಿ ನೋಡುತ್ತಿದ್ದಳು. ಮಗಳು ಬೂಟಿನ ದಾರ ನೋಡುತ್ತಿದ್ದಳು, ತುಟಿ ಮಾತ್ರ ಒಳಗಿನಿಂದ ಕಚ್ಚಿಕೊಂಡಿದ್ದಳು. ಕೆಂಡಣ್ಣ ಒಂದು ಸಲ ಇವಳನ್ನು, ಒಂದು ಸಲ ಅವಳನ್ನು ನೋಡಿ ಮೆಲ್ಲಗೆ ಕುರ್ಚಿಗಿಳಿದ.

"ಅವಸರ ಮಾಡಿದ್ರೆ ಏನಾಗುತ್ತೋ?" ಅಂದಳು ಅಕ್ಕ, ಸಾಸಿವೆ ಕಾಳಿನಷ್ಟೂ ನಗದೆ.

"ಗೊತ್ತಾಯ್ತು ಬಿಡೇ," ಅಂದ ಅವನು. ಆಮೇಲೆ ಮಗಳ ಕಡೆ ತಿರುಗಿ, "ನಾಳೆಯೂ ಕೆಳಗಿನ ಮೆಟ್ಟಿಲೇನಾ?" ಅಂತ ಕೇಳಿದ.

"ನಾಳೆ ಒಂದು ಚೂರು ಜಾಸ್ತಿ."

"ಹಾಂ. ಒಂದು ಚೂರು," ಅಂದ ಕೆಂಡಣ್ಣ. ಭಟ್ಟಿಯವರ ಮಾತಲ್ಲಿ ಅದಕ್ಕಿಂತ ದೊಡ್ಡ ಒಪ್ಪಿಗೆ ಇನ್ನೊಂದಿಲ್ಲ.

ಅಲ್ಲಿಂದ ಮುಂದೆ ಅವನು ಬೇರೆಯೇ ಮನುಷ್ಯನಾದ ಅಂತಲ್ಲ. ಬಾಯಿ ಸುಮ್ಮನಿರಿಸಿಕೊಳ್ಳುವುದು ಅವನಿಗೆ ಕೆಂಡ ಎತ್ತುವುದಕ್ಕಿಂತ ಕಷ್ಟವಾಗಿತ್ತು. ಆದರೂ ಬೆಳಿಗ್ಗೆ ಮಗಳಿಗಿಂತ ಮೊದಲೇ ಎದ್ದು ನೀರಿನ ಬಾಟಲಿ ತುಂಬಿಸಿಡುತ್ತಿದ್ದ. ಭಟ್ಟಿಯ ಪುಟ್ಟ ಬೆಂಕಿಯನ್ನು ದೂರದಿಂದಲೇ ಹೇಳಿ ಅಕ್ಕನ ಕೈಯಲ್ಲಿ ಹಾಕಿಸುತ್ತಿದ್ದ. ಕಿಟಕಿಯಿಂದ ಎಲೆ ಅಲುಗುತ್ತಿದೆಯೋ ಇಲ್ಲವೋ ನೋಡಿ, "ಇವತ್ತು ಗಾಳಿ ಇಲ್ಲ, ಬಿಸಿಲಿಗೆ ಹೋಗಬೇಡ" ಅಂತ ಅವಳಿಗೇ ಹೇಳುತ್ತಿದ್ದ, ತಾನೇ ಕಂಡುಹಿಡಿದ ವಿದ್ಯೆಯ ಹಾಗೆ. ಅವಳು ಓಡುವ ದಾರಿಯಲ್ಲಿ ನೆರಳಿರುವ ಜಾಗದಲ್ಲಿ ಬಕೆಟ್ಟು ಇಟ್ಟುಕೊಂಡು ಕೂರುತ್ತಿದ್ದ. ಅವಳು ಬಂದಾಗ ಮೊದಲು ತೋಳು ನೋಡುತ್ತಿದ್ದ, ಕೂದಲು ನಿಮಿರಿದೆಯಾ ಅಂತ. ಆಮೇಲೆ "ಇವತ್ತು ಬೆಳಿಗ್ಗೆ ಏನು ತಿಂದೆ ಹೇಳು" ಅಂತ ಕೇಳುತ್ತಿದ್ದ, ಮಾತು ತೊದಲುತ್ತದೆಯೋ ಅಂತ.

"ಅಪ್ಪ, ದಿನಾ ಬ್ರೆಡ್ಡೇ ತಿನ್ನೋದು. ದಿನಾ ಕೇಳ್ತೀಯಲ್ಲ."

"ಮಾತಾಡು, ಮಾತಾಡು. ಜಗಳ ಆಡ್ತಿದೀಯ ಅಂದ್ರೆ ತಲೆ ನೆಟ್ಟಗಿದೆ."

ಅವಳು ಓಡುವುದನ್ನು ಅವನು ಈಗ ಮೊದಲ ಸಲ ನಿಜವಾಗಿ ನೋಡಿದ. ಮೊದಲೆಲ್ಲ ಎಷ್ಟು ಜೋರು ಅಂತ ಮಾತ್ರ ನೋಡುತ್ತಿದ್ದ. ಈಗ ಅವಳ ಅಳತೆ ಕಾಣತೊಡಗಿತು. ಎಲ್ಲಿ ತಗ್ಗಿಸಬೇಕು, ಎಲ್ಲಿ ನಿಲ್ಲಬೇಕು, ಇವತ್ತಿಗೆ ಸಾಕು ಅಂತ ಯಾವಾಗ ಅನ್ನಬೇಕು ಎಂಬುದು ಅವಳ ಮೈಗೇ ಗೊತ್ತಿತ್ತು. ಇನ್ನೊಂದು ಸುತ್ತು ಓಡುವ ಶಕ್ತಿ ಕಾಲಲ್ಲಿದ್ದರೂ ಓಡದೆ ಬೂಟು ಬಿಚ್ಚುವುದಕ್ಕೆ ಎಂಥ ಗಟ್ಟಿ ಮನಸ್ಸು ಬೇಕು ಅನ್ನುವುದು, ಆ ಮನಸ್ಸಿಲ್ಲದೆ ಅಂಚೆಪೆಟ್ಟಿಗೆ ತಬ್ಬಿದವನಿಗೆ ಅರ್ಥವಾಗದೆ ಇರುತ್ತದೆಯೇ?

ಪರೀಕ್ಷೆಯ ದಿನ ಬಂತು. ಕೆಂಡಣ್ಣನಿಗೆ ಮೈದಾನದ ಅಂಚಿನ ಮರದಡಿ ಬೆಂಚಿನಲ್ಲಿ ಕೂರಲು ಮಾತ್ರ ಅಪ್ಪಣೆ ಸಿಕ್ಕಿತ್ತು. ತಲೆಗೆ ಒದ್ದೆ ಟವೆಲ್ಲು, ಕೈಯಲ್ಲಿ ಬಾಟಲಿ, ಪಕ್ಕದಲ್ಲಿ ಅಕ್ಕ. ಸ್ಟೇಷನ್ನಿನ ಯಾವುದೋ ವಾಹನ ಬರುವುದು ತಡವಾಗಿ, ಶುರುವಾಗುವಷ್ಟರಲ್ಲಿ ಸೂರ್ಯ ನೆತ್ತಿಗೆ ಬಂದಿದ್ದ. ಹುಡುಗರೆಲ್ಲ ಆಗಲೇ ಕೋಟು ತೊಟ್ಟು ಗುಂಡಿ ಹಾಕಿ, ಎದೆಯುಬ್ಬಿಸಿ ಬಿಸಿಲಲ್ಲಿ ನಿಂತಿದ್ದರು. ಸೂಜಿ ಮಾತ್ರ ನೀರಿನ ಲಾರಿಯ ನೆರಳಲ್ಲಿ ಕೂತು, ಕೋಟನ್ನು ತೊಡೆ ಮೇಲೆ ಮಡಚಿಟ್ಟುಕೊಂಡು, ಬಕೆಟ್ಟಿನಲ್ಲಿ ಮುಂಗೈ ಮುಳುಗಿಸಿದ್ದಳು.

"ನೋಡು ನಿನ್ನ ಮಗಳು, ಬಟ್ಟೆ ಒಗೆಯೋಕೆ ಬಂದೋಳ ಹಾಗೆ ಕೂತಿದಾಳೆ," ಅಂದಳು ಅಕ್ಕ.

"ಕೂತಿರಲಿ. ಜಾಣೆ," ಅಂದ ಕೆಂಡಣ್ಣ.

ಹೆಸರು ಕರೆದ ಮೇಲೆ ಅವಳು ಎದ್ದು ಕೋಟು ತೊಟ್ಟಳು. ಪೈಪು ಹೆಗಲಿಗೇರಿತು. ತರಬೇತಿ ಮೇಡಂ ಬಾವುಟ ಬೀಸಿದರು. ಹುಡುಗರು ಬಿಲ್ಲಿನಿಂದ ಬಿಟ್ಟ ಬಾಣದ ಹಾಗೆ ಹೋದರು. ಸೂಜಿ ಹೊರಟಳು, ಹಾಲು ಹಾಕಲು ಹೊರಟವಳ ಹಾಗೆ.

ಮೊದಲ ಸುತ್ತಿನಲ್ಲಿ ಅವಳು ಎಲ್ಲರಿಗಿಂತ ಹಿಂದೆ. ಎರಡನೇ ಸುತ್ತಿನಲ್ಲೂ. ಕೆಂಡಣ್ಣನ ಗಂಟಲಿನವರೆಗೆ "ಓಡೇ!" ಬಂದು ನಿಂತಿತು. ಅಕ್ಕ ಅವನ ಅಂಗಿಯ ಚುಂಗು ಹಿಡಿದುಕೊಂಡಳು. ಮುಂದಿನ ಸುತ್ತಿನ ಅರ್ಧಕ್ಕೆ ಸೂಜಿ ಓಟ ನಿಲ್ಲಿಸಿ ನಡೆಯತೊಡಗಿದಳು.

"ಮುಗೀತು ಅವಳ ಕಥೆ," ಅಂದ ಹಿಂದೆ ನಿಂತ ಯಾರೋ ಒಬ್ಬ. "ಹೋದ ವರ್ಷವೂ ಹಿಂಗೇ ಬಿದ್ಲಂತೆ."

ಕೆಂಡಣ್ಣ ತಿರುಗಲಿಲ್ಲ. ಬೆಂಚಿನ ಅಂಚನ್ನು ಹಿಡಿದು ಕೂತ. ಇದು ತಪ್ಪಿದರೆ ಮತ್ತೆ ಇಲ್ಲ. ಇಷ್ಟು ವರ್ಷದ ಹಂಬಲ ಬೂದಿ. ಆದರೆ ಅವಳ ನಡಿಗೆ ನೋಡಿದ. ಹೆಜ್ಜೆ ತಡವರಿಸುತ್ತಿರಲಿಲ್ಲ. ತಲೆ ನೆಟ್ಟಗಿತ್ತು. ಉದ್ದುದ್ದ ಉಸಿರು ಬಿಡುತ್ತಿದ್ದಳು. ಭಟ್ಟಿ ಮಿತಿಮೀರಿ ಕಾದಾಗ ತಾನು ಬಾಯಿ ತೆರೆದಿಟ್ಟು ನಿಲ್ಲುವುದು ನೆನಪಾಯಿತು. ಗೊತ್ತಿಲ್ಲದವರಿಗೆ ಬೆಂಕಿ ಆರಿತು ಅನ್ನಿಸುತ್ತದೆ. ಒಳಗೆ ಕೆಂಡ ಹಾಗೇ ಇರುತ್ತದೆ, ಹೆಚ್ಚಾದ ಝಳ ಮಾತ್ರ ಹೊರಗೆ ಹೋಗುತ್ತದೆ.

"ಮುಗಿದಿಲ್ಲ ಕಣಯ್ಯ," ಅಂದ ಹಿಂದೆ ನೋಡದೆಯೇ. "ಝಳ ಬಿಡ್ತಿದಾಳೆ."

ಅಷ್ಟರಲ್ಲಿ ಮುಂದಿದ್ದವರ ಅಸಲು ಬಣ್ಣ ಬಯಲಾಗತೊಡಗಿತ್ತು. ಬಾಣದ ಹಾಗೆ ಹೋದವರಲ್ಲಿ ಒಬ್ಬ ಪೈಪು ಕೆಳಗಿಟ್ಟು ಕೂತ. ಇನ್ನೊಬ್ಬ ವಾಲುತ್ತ ಗೆರೆ ಬಿಟ್ಟು ಹೋದ. ಸ್ಟೇಷನ್ನಿನವರು ಅವರನ್ನು ಹಿಡಿದು ನೆರಳಿಗೆ ತಂದು ಕೋಟು ಬಿಚ್ಚಿ ನೀರು ಸುರಿದರು. ಸೂಜಿ ನಡೆದದ್ದು ಸಾಕಾಯಿತು ಅಂತ ಅವಳಿಗೇ ಅನ್ನಿಸಿದಾಗ ಮತ್ತೆ ಓಡಿದಳು. ಮೊದಲಿನ ಹದದಲ್ಲೇ. ಹೋದ ವರ್ಷ ಬಿದ್ದ ತಿರುವು ಬಂತು. ಕೆಂಡಣ್ಣ ಕಣ್ಣು ಮುಚ್ಚಿಕೊಂಡ. ಅಕ್ಕ ಅವನ ತೊಡೆಗೆ ರಪ್ಪನೆ ಹೊಡೆದಳು. "ನೋಡೋ! ನೋಡು!" ತಿರುವು ದಾಟಿ ಅವಳು ಆಗಲೇ ಈಚೆ ಬಂದಿದ್ದಳು, ಈಗ ಮಾತ್ರ, ಕೊನೆಯ ಉದ್ದಕ್ಕೆ, ಒಳಗಿಟ್ಟುಕೊಂಡಿದ್ದ ಕೆಂಡವನ್ನೆಲ್ಲ ಊದಿ ಉರಿಸುತ್ತ. ಗೆರೆ ದಾಟಿದಳು. ಅವಳ ಬೆನ್ನಿಗೆ ಇನ್ನೊಬ್ಬ ದಾಟಿದ. ಆಮೇಲೆ ಸೀಟಿ ಊದಿತು.

ಅವಳು ನೆಲಕ್ಕೆ ಬೀಳಲಿಲ್ಲ, ಕುಣಿಯಲೂ ಇಲ್ಲ. ಪೈಪು ಇಳಿಸಿ, ಕೋಟು ಕಳಚಿ, ಸೊಂಟದ ಮೇಲೆ ಕೈಯಿಟ್ಟು ನೆರಳಿನಲ್ಲಿ ಮೆಲ್ಲಗೆ ಆಚೆ ಈಚೆ ನಡೆದಳು. ಆಮೇಲೆ ಕೂತು, ಸ್ವಲ್ಪ ಸ್ವಲ್ಪವೇ ನೀರು ಕುಡಿದಳು. ತರಬೇತಿ ಮೇಡಂ ಅವಳ ಹತ್ತಿರ ಬಗ್ಗಿ ಏನೋ ಹೇಳಿ ಭುಜ ತಟ್ಟಿ ಹೋದರು. ಆಗ ಅವಳು ಈ ಮರದ ಕಡೆ ನೋಡಿ, ತಲೆಯಾಡಿಸಿದಳು. ಅಷ್ಟೇ.

ಕೆಂಡಣ್ಣ ಹಿಂದೆ ನಿಂತವನ ಕಡೆ ತಿರುಗಿದ. "ನೋಡಿದೆಯೇನಯ್ಯಾ? ಗೆದ್ದವರಲ್ಲಿ ಕೊನೆಯಿಂದ ಎರಡನೆಯವಳು! ನನ್ನ ಮಗಳು!"

"ಕೊನೆಯಿಂದ ಎರಡನೇದಕ್ಕೆ ಇಷ್ಟು ಮೆರೀತೀರಲ್ಲ ಸ್ವಾಮಿ," ಅಂದ ಅವನು.

"ಮೊದಲನೆಯವರು ಎಲ್ಲಿದಾರೆ ನೋಡು. ಅಲ್ಲಿ, ಬಕೆಟ್ಟಿನ ಕೆಳಗೆ."

ಮಗಳು ಬಂದು ಪಕ್ಕದಲ್ಲಿ ಕೂತಾಗ ಅವನು ಏನೇನೋ ಹೇಳಬೇಕು ಅಂದುಕೊಂಡಿದ್ದ. ಆದರೆ ಅವಳ ತೋಳು ಹಿಡಿದು ತಿರುಗಿಸಿ ನೋಡಿದ. ಕೂದಲು ಮಲಗಿತ್ತು. "ಬೆಳಿಗ್ಗೆ ಏನು ತಿಂದೆ?" ಅಂದ.

"ಬ್ರೆಡ್ಡು ಅಪ್ಪ. ಬೇರೆಯವರ ಬ್ರೆಡ್ಡು. ಉಪ್ಪೇ ಇಲ್ಲ ಅದಕ್ಕೆ."

"ನಮ್ಮದು ಬರುತ್ತೆ ಇರು. ಇನ್ನೆರಡು ಬೆಂಕಿ ಆಗಲಿ. ಮೊದಲ ಬ್ರೆಡ್ಡು ಮೀನಮ್ಮನಿಗೆ. ಅವಳ ಐಸಿನ ಋಣ ಇದೆ."

"ನಡೀರಿ ಮನೆಗೆ," ಅಂದಳು ಅಕ್ಕ ಎದ್ದು ಸೀರೆ ಕೊಡವುತ್ತ. "ಬೀದಿಗೆಲ್ಲ ಹೇಳಬೇಕು. ಕ್ಷೌರದವನಿಗೆ ಮೊದಲು."

ಮೈದಾನದ ಆಚೆ ರಸ್ತೆ ಬಿಳಿಯಾಗಿ ಕುದಿಯುತ್ತಿತ್ತು. ಕೆಂಡಣ್ಣ ಅದನ್ನು ಒಮ್ಮೆ ನೋಡಿದ, ಟವೆಲ್ಲನ್ನು ಮತ್ತೆ ನೀರಿಗೆ ಅದ್ದಿ, ಹಿಂಡಿ ತಲೆಗೆ ಹಾಕಿಕೊಂಡ.

"ಕೂತ್ಕೋ ಅಕ್ಕ," ಅಂದ. "ಬಿಸಿಲು ಇಳೀಲಿ. ನಮಗೇನು ಅವಸರ?"

ಹಿಟ್ಟು ಉಬ್ಬುವುದಕ್ಕೆ ಬಿಟ್ಟರೆ ಹುಟ್ಟಿದಾಗಿನಿಂದ ಇನ್ನಾವುದಕ್ಕೂ ಕಾಯದ ತಮ್ಮ ಹಾಗೆ ಹೇಳಿದ್ದನ್ನು ಕೇಳಿ ಅಕ್ಕ ಕೂತೇಬಿಟ್ಟಳು. ಮೂವರೂ ಮರದಡಿ, ಒಂದೇ ಬಾಟಲಿಯಿಂದ ಸರದಿಯಲ್ಲಿ ನೀರು ಕುಡಿಯುತ್ತ, ನೆರಳು ಉದ್ದವಾಗುವುದನ್ನು ಕಾಯುತ್ತ ಕೂತರು.